ಕ್ಲಚ್ ಗಟ್ಟಿಯಾದ್ರೆ ಪೂರ್ತಿ ಸೆಟ್ ಯಾಕೆ?

ಮಾನ್ಯ ಸಂಪಾದಕರೇ,

ಸಿಲ್ಕ್ ಬೋರ್ಡ್, ಹೆಬ್ಬಾಳದ ಟ್ರಾಫಿಕ್‌ನಲ್ಲಿ ದಿನಾ ಗೇರ್ ಕಾರು ಓಡಿಸುವವರ ಎಡಮಂಡಿ ಕಥೆ ಎಲ್ಲರಿಗೂ ಗೊತ್ತು. ಕ್ಲಚ್ ಗಟ್ಟಿಯಾಗಿದೆ ಅಂತ ಗ್ಯಾರೇಜಿಗೆ ಹೋದರೆ ಕೆಲವು ಕಡೆ ಪೆಡಲ್ ಮುಟ್ಟಿ ನೋಡುವ ಮೊದಲೇ 'ಪೂರ್ತಿ ಸೆಟ್ ಬದಲಿಸಿ' ಅನ್ನುತ್ತಾರೆ, ಅಂದರೆ ಕ್ಲಚ್ ಪ್ಲೇಟ್, ಅದನ್ನು ಒತ್ತಿಹಿಡಿಯುವ ಪ್ರೆಷರ್ ಪ್ಲೇಟ್, ಬೇರಿಂಗ್ ಎಲ್ಲವನ್ನೂ. ಅಷ್ಟು ಅವಸರ ಯಾಕೆ?

ಕೇಬಲ್ ಕ್ಲಚ್ ಇರುವ ಕಾರುಗಳಲ್ಲಿ ಮೊದಲು ನೋಡಬೇಕಾದದ್ದು ಕೇಬಲ್. ಒಳಗಿನ ಪದರ ಸವೆದು, ತಂತಿ ತುಕ್ಕು ಹಿಡಿದರೆ ಪೆಡಲ್ ಒತ್ತೋದೇ ಕಷ್ಟ. ಹೊಸ ಕೇಬಲ್ಲಿಗೆ ಕ್ಲಚ್ ಸೆಟ್‌ನಷ್ಟು ಖರ್ಚಿಲ್ಲ. ಪೆಡಲ್ ತಿರುಗುವ ಕೀಲು, ಅಂದರೆ ಪಿವಟ್‌ಗೆ ಗ್ರೀಸ್ ಹಚ್ಚಿಸಿ, ಅದನ್ನಂತೂ ಯಾರೂ ನೆನಪಿಡಲ್ಲ. ಆದರೆ ಕೇಬಲ್ ಬಿಗಿ ಮಾಡುವಾಗ ಸ್ವಲ್ಪ ಫ್ರೀ ಪ್ಲೇ (ಕ್ಲಚ್ ಕೆಲಸ ಶುರುವಾಗುವ ಮೊದಲು ಪೆಡಲ್ ಸಲೀಸಾಗಿ ಆಡುವ ಜಾಗ) ಉಳಿಯಲೇಬೇಕು, ಇಲ್ಲದಿದ್ದರೆ ಕ್ಲಚ್ ಪೂರ್ತಿ ಕೂರದೆ ಸ್ಲಿಪ್ ಆಗಿ, ಚೆನ್ನಾಗಿದ್ದ ಪ್ಲೇಟೂ ಸುಟ್ಟುಹೋಗುತ್ತದೆ.

ಕೇಬಲ್ ಬದಲು ದ್ರವದ ಒತ್ತಡದಿಂದ ನಡೆಯುವ ಹೈಡ್ರಾಲಿಕ್ ಕ್ಲಚ್‌ನಲ್ಲಿ ಪೆಡಲ್ ಸ್ಪಂಜಿನಂತೆ ಮೆತ್ತಗಾದರೆ ಲೈನಿನಲ್ಲಿ ಗಾಳಿ ಸೇರಿರಬಹುದು, ಬ್ಲೀಡ್ ಮಾಡಿಸಿದರೆ, ಅಂದರೆ ಆ ಗಾಳಿ ಹೊರಹಾಕಿಸಿದರೆ, ಸರಿಹೋಗುತ್ತದೆ. ಕಾಲಿಟ್ಟಲ್ಲೇ ಪೆಡಲ್ ನಿಧಾನಕ್ಕೆ ಕೆಳಗಿಳಿದರೆ ಮಾಸ್ಟರ್ (ಪೆಡಲ್ ಕಡೆಯ) ಅಥವಾ ಸ್ಲೇವ್ (ಗೇರ್‌ಬಾಕ್ಸ್ ಕಡೆಯ) ಸಿಲಿಂಡರಿನ ಸೀಲ್ ಮೇಲೆ ಅನುಮಾನ ಪಡಿ. ಇದರಲ್ಲಿ ಸಾಮಾನ್ಯವಾಗಿ ಇರುವುದು ಬ್ರೇಕ್ ಫ್ಲೂಯಿಡ್ಡೇ, ಅದು ಗಾಳಿಯ ತೇವ ಹೀರುತ್ತದೆ, ಹಾಗಾಗಿ 2 ವರ್ಷಕ್ಕೊಮ್ಮೆ ಬದಲಿಸುವುದು ವಾಡಿಕೆ. ಬ್ರೇಕಿಗೆ ಬದಲಿಸಿ ಕ್ಲಚ್ ಲೈನನ್ನು ಸುಮ್ನೆ ಬಿಟ್ಟುಬಿಡುವವರೇ ಜಾಸ್ತಿ.

ಇಷ್ಟೆಲ್ಲ ಸರಿಯಿದ್ದೂ ಪೆಡಲ್ ಭಾರವಾಗಿದ್ದರೆ ಆಗ ಪ್ರೆಷರ್ ಪ್ಲೇಟ್, ಬೇರಿಂಗ್ ಕಡೆ ನೋಡಿ. ಗೇರ್‌ಬಾಕ್ಸ್ ಇಳಿಸದೆ ಇವನ್ನು ಮುಟ್ಟಲಾಗದು, ಆ ಕೂಲಿಯೇ ದೊಡ್ಡದು, ಆ ಸಂದರ್ಭದಲ್ಲಿ ಪೂರ್ತಿ ಸೆಟ್ ಹಾಕಿಸುವುದು ನ್ಯಾಯ. ಅದಕ್ಕೂ ಮೊದಲು ಏನೇನು ಪರೀಕ್ಷಿಸಿದಿರಿ ಅಂತ ಬಿಲ್ಲಿನಲ್ಲೇ ಬರೆದುಕೊಡಲಿ, ಅಷ್ಟು ಕೇಳೋದು ತಪ್ಪಲ್ಲ ಅಲ್ವಾ?

– ಒಬ್ಬ ಓದುಗ, ಬೆಂಗಳೂರು