ದುಡಿಮೆಗೆ ಬೇರೆ, ಪಾಲಿಗೆ ಬೇರೆ

ದಾವಣಗೆರೆ

ಚಿರಂಜೀವಿಗೆ ದೊಡ್ಡಪ್ಪನ ಆಶೀರ್ವಾದಗಳು. ನಾವೆಲ್ಲರೂ ಕ್ಷೇಮ.

ನಿನ್ನ ಪತ್ರವನ್ನು ಎರಡು ಸಲ ಓದಿದೆ. ಬೆಳಿಗ್ಗೆ ಒಂಬತ್ತಕ್ಕೆ ಬಟ್ಟೆ ಅಂಗಡಿಯ ಶಟರ್ ಎತ್ತುವವನೂ ರಾತ್ರಿ ಗಲ್ಲಾ ಎಣಿಸಿ ಬೀಗ ಹಾಕುವವನೂ ನೀನೇ ಆಗಿರುವಾಗ, ಹನ್ನೊಂದೂವರೆಗೆ ಬಂದು ಊಟದ ಹೊತ್ತಿಗೆ ಎದ್ದುಹೋಗುವ ಚಿಕ್ಕಪ್ಪನಿಗೆ ಲಾಭದಲ್ಲಿ ಸರಿಅರ್ಧ ಸಲ್ಲುತ್ತದೆಂಬ ನಿನ್ನ ಸಂಕಟ ಸುಳ್ಳಲ್ಲ. ಆದರೆ ಅದನ್ನು ಚಿಕ್ಕಪ್ಪನ ತಲೆಗೆ ಕಟ್ಟುವ ಮುನ್ನ ಪಾಲುದಾರಿಕೆ ಪತ್ರವನ್ನು ಒಮ್ಮೆ ತೆಗೆದು ಓದು. 1932ರ ಭಾರತೀಯ ಪಾಲುದಾರಿಕೆ ಕಾಯ್ದೆಯ 13ನೇ ಕಲಮಿನ ಪ್ರಕಾರ, ಪಾಲುದಾರರು ತಮ್ಮೊಳಗೆ ಬೇರೆ ಕರಾರು ಮಾಡಿಕೊಳ್ಳದಿದ್ದರೆ ಲಾಭನಷ್ಟ ಎಲ್ಲರಿಗೂ ಸಮ. ಎಷ್ಟು ದುಡಿದರೂ ಯಾರಿಗೂ ಸಂಬಳವಿಲ್ಲ. ನಾವು ಮೂವರು ಅಣ್ಣತಮ್ಮಂದಿರು ಮೊದಲ ಪತ್ರ ಬರೆಸಿದಾಗ, ನಮ್ಮೊಳಗೆ ಎಂಥ ಸಂಬಳ ಎಂದು ನಕ್ಕು ಸಹಿ ಹಾಕಿದವನು ನಾನೇ. ನಿನ್ನ ಅಪ್ಪ ತೀರಿಕೊಂಡ ಮೇಲೆ ನಿನ್ನನ್ನು ಸೇರಿಸಿಕೊಂಡಾಗಲೂ, ನಾನು ಪಾಲು ಬಿಟ್ಟು ನೀವಿಬ್ಬರೇ ಉಳಿದಾಗಲೂ ಆ ಮಾತನ್ನು ಯಾರೂ ಎತ್ತಲಿಲ್ಲ.

ಚಿಕ್ಕಪ್ಪನ ಮನಸ್ಸಿನಲ್ಲೂ ಒಂದು ಲೆಕ್ಕವಿದೆ. ನಿನ್ನ ಅಪ್ಪ ಕಾಲೇಜಿಗೆ ಹೋಗುತ್ತಿದ್ದ ದಿನಗಳಲ್ಲಿ ಚಿಕ್ಕಪ್ಪನನ್ನು ಹತ್ತನೆಯ ತರಗತಿಗೇ ಬಿಡಿಸಿ ಅಂಗಡಿಯಲ್ಲಿ ಬಟ್ಟೆಯ ಥಾನು ಹೊರಲು ಹಚ್ಚಿದೆವು. ಆ ವರ್ಷಗಳ ಕೂಲಿ ಯಾವ ಕಿರ್ದಿಯಲ್ಲೂ ಜಮೆಯಾಗಿಲ್ಲ. ನೀನು ಸೋಮಾರಿತನವೆಂದು ಕರೆಯುವುದನ್ನು ಅವನು ಹಳೆಯ ಬಾಕಿಯ ವಸೂಲಿಯೆಂದು ತಿಳಿದಿರಬಹುದು. ಈ ಮಾತು ಬಾಯಿಗೆ ಬಾರದಿರುವುದರಿಂದಲೇ ಜಗಳ ಪ್ರತಿಸಲ ಬೇರೊಂದು ನೆಪ ಹುಡುಕಿಕೊಳ್ಳುತ್ತದೆ. ನಿನ್ನ ದೊಡ್ಡಮ್ಮ ತನ್ನ ತಂಗಿಯ ಮಗಳ ಮದುವೆಗೆಂದು ಬಿಲ್ಲಿಲ್ಲದೆ ಎರಡು ಇಳಕಲ್ ಸೀರೆ ಒಯ್ದಿದ್ದಳು. ಎಂಟು ವರ್ಷದ ಮೇಲೆ, ಗೋದಾಮಿನ ಬಾಡಿಗೆಯ ಮಾತು ನಡೆದಿದ್ದಾಗ, ಆ ಸೀರೆಗಳು ಅಂಚಿನ ಬಣ್ಣ ಸಮೇತ ಹೊರಬಂದವು. ಅಂದೇ ಒಂದು ಚೀಟಿ ಬರೆದು ನನ್ನ ಖಾತೆಗೆ ಹಾಕಿಸಿದ್ದರೆ ಆಗುತ್ತಿತ್ತು. ಹಿರಿಯನೆಂಬ ಸಲಿಗೆಯಲ್ಲಿ ಹಾಕಿಸಲಿಲ್ಲ.

ಆದ್ದರಿಂದ ಬೀಗರನ್ನು ಕೂರಿಸಿ ರಾಜಿ ಮಾಡಿಸಲು ಆತುರಪಡಬೇಡ. ಇಷ್ಟು ವರ್ಷದ ಮುನಿಸು ಒಂದು ಸಂಜೆಯ ಕಾಫಿಗೆ ಕರಗದು. ಅವನು ನಿನ್ನೊಡನೆ ಮಾತು ಬಿಟ್ಟಿದ್ದರೂ ಅಂಗಡಿ ನಡೆಯುವಂಥ ಏರ್ಪಾಡು ಮೊದಲು ಆಗಲಿ. ಅಂಗಡಿಯಲ್ಲಿ ಕೂರುವ ಹೊತ್ತಿಗೆ ತಕ್ಕಂತೆ ಇಬ್ಬರಿಗೂ ಸಂಬಳ, ಅದನ್ನು ಕಳೆದು ಉಳಿದ ಲಾಭದಲ್ಲಿ ಈಗಿರುವಂತೆಯೇ ಅರ್ಧರ್ಧ, ಮನೆಖರ್ಚಿಗೆ ತಿಂಗಳಿಗೆ ಇಷ್ಟೇ ಎಂಬ ಗೊತ್ತುಪಾಡು, ಅದರಾಚೆ ಒಂದು ಕರ್ಚೀಫು ಒಯ್ದರೂ ಒಯ್ದವರ ಖಾತೆಗೆ ಖರ್ಚು: ಇಷ್ಟನ್ನು ಬರೆಸಿಕೊಳ್ಳಿ. ಅವನ ಅರ್ಧ ಪಾಲಿಗೆ ಮಾತ್ರ ಕೈಹಾಕಬೇಡ. ದುಡಿಯುವ ಪಾಲುದಾರನ ಸಂಬಳವನ್ನು ಆದಾಯ ತೆರಿಗೆಯ ಲೆಕ್ಕದಲ್ಲಿ ಖರ್ಚೆಂದು ತೋರಿಸಬೇಕಾದರೂ ಅದು ಪತ್ರದಲ್ಲಿರಬೇಕು. ಹೀಗಾಗಿ ಆಡಿಟರ ಬಾಯಿಂದಲೇ ಈ ಮಾತು ಹೊರಡಲಿ. ನಿನ್ನ ಬಾಯಿಂದ ಬಂದರೆ ಅವನು ಒಪ್ಪುವವನಲ್ಲ. (ಇದು ಕಪಟವಲ್ಲ, ಅವನ ಮರ್ಯಾದೆ ಉಳಿಸುವ ದಾರಿ.)

ಸೂರತ್ತಿನ ದಲ್ಲಾಳಿ ಬಂದಾಗ ನೀನೊಂದು ದರ, ಚಿಕ್ಕಪ್ಪನೊಂದು ದರ ಹೇಳುವುದನ್ನು ನಿಲ್ಲಿಸಿ. ಯಜಮಾನರಿಬ್ಬರೂ ಮಾತಾಡದ ಅಂಗಡಿಯಲ್ಲಿ ಹುಡುಗರು ರಜೆ ಕೇಳುವುದಕ್ಕೂ ಮುಖ ನೋಡಿ ಆರಿಸಿಕೊಳ್ಳುತ್ತಾರೆ.

ಬೇಸತ್ತು ಅಂಗಡಿಗೆ ಹೋಗುವುದನ್ನೇ ಬಿಡುತ್ತೇನೆಂದು ಬರೆದಿದ್ದೀಯೆ. ಹಾಗೆ ಬಿಟ್ಟರೆ ಬಿಟ್ಟಂತಾಗುವುದಿಲ್ಲ. ಪಾಲುದಾರಿಕೆಯನ್ನು ವಿಧಿವತ್ತಾಗಿ ಮುರಿದು ಸಾರ್ವಜನಿಕ ಪ್ರಕಟಣೆ ಕೊಡುವವರೆಗೆ ಅಂಗಡಿಯ ಹೆಸರಿನಲ್ಲಿ ಆಗುವ ಸಾಲಕ್ಕೆ ಮನೆಯಲ್ಲಿ ಕುಳಿತ ನೀನೂ ಹೊಣೆ.

ಹಳೆಯ ಪಾಲುದಾರಿಕೆ ಪತ್ರ ನನ್ನ ಬೀರುವಿನಲ್ಲಿದೆ. ಭಾನುವಾರ ಬಂದು ತೆಗೆದುಕೊಂಡು ಹೋಗು. ಎರಡು ಜೆರಾಕ್ಸ್ ಮಾಡಿಸಿ ಮೊದಲನೆಯದನ್ನು ಚಿಕ್ಕಪ್ಪನ ಕೈಗೆ ಕೊಡು. ಥಾನು ಹೊತ್ತ ವರ್ಷಗಳ ವಿಷಯವನ್ನು ನೀನು ಎತ್ತಬೇಡ. ಅದು ನಾನು ಆಡಬೇಕಾದ ಮಾತು. ಬರುವ ಅಮಾವಾಸ್ಯೆಯ ಪೂಜೆಗೆ ಅಂಗಡಿಗೆ ಬಂದಾಗ ಆಡುತ್ತೇನೆ.

ಇಂತು ನಿನ್ನ
ದೊಡ್ಡಪ್ಪ