ನಮ್ಮ ಲ್ಯಾಬಿನ ಅಣ್ಣನಿಗೆ

31 ವರ್ಷ ಬೆಳಗ್ಗೆ ಓಪಿಡಿ, ಮಧ್ಯಾಹ್ನದ ಮೇಲೆ ಲ್ಯಾಬ್. ನಿನ್ನೆ ಎರಡಕ್ಕೂ ಕೊನೆಯ ದಿನ. ಶಾಲು ಹೊದಿಸಿದ ಮೇಲೆ ಮಾತಾಡಲು ನಿಂತೆ, ಗಂಟಲು ಕಟ್ಟಿತು. ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಗುರುಗಳಿಗೆ, ಜೊತೆಯ ಡಾಕ್ಟರುಗಳಿಗೆ, ನನ್ನ ಪಿಎಚ್‌ಡಿ ಮಕ್ಕಳಿಗೆ, ಊಟ ಮುಚ್ಚಿಟ್ಟು ಕಾದ ಮನೆಯವರಿಗೆ ಕೈ ಮುಗಿಯುತ್ತೇನೆ.

ಉಳಿದ ಮಾತೆಲ್ಲ ನಮ್ಮ ಅಟೆಂಡರ್ ಅಣ್ಣನಿಗೆ.

ಫ್ರೀಜರ್ ಕೆಟ್ಟ ರಾತ್ರಿ ನಿಮಗೆಲ್ಲ ಗೊತ್ತು. ಮೈನಸ್ 80 ಇರಬೇಕಾದಲ್ಲಿ ಮೈನಸ್ 41 ತೋರಿಸುತ್ತಿತ್ತು. ಒಳಗಿದ್ದದ್ದು ಆಪರೇಷನ್‌ನಲ್ಲಿ ತೆಗೆದ ಹೃದಯದ ಸ್ನಾಯುವಿನ ಚೂರುಗಳು. ಒಮ್ಮೆ ಕರಗಿದರೆ ಅದರಲ್ಲಿ ಜೀನ್‌ಗಳ ಸಂದೇಶ ಹೊರುವ ಆರ್‌ಎನ್‌ಎ ಹಾಳು. ನಾನು ಓಡಿಬರುವಷ್ಟರಲ್ಲಿ ಅಣ್ಣ ಐಸ್‌ಕ್ರೀಮ್ ಗೋಡೌನಿನವರನ್ನು ಎಬ್ಬಿಸಿ, ಸ್ಕೂಟರ್ ಮೇಲೆ ಎರಡು ಥರ್ಮೋಕೋಲ್ ಡಬ್ಬ ಡ್ರೈ ಐಸ್ ತಂದಿದ್ದರು. ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು, ಟ್ಯೂಬಿನ ಮೇಲಿನ ಹಿಮ ಹೆಬ್ಬೆರಳಿಂದ ಒರೆಸಿ, ನಂಬರ್ ಓದಿ, ಪುಸ್ತಕದಲ್ಲಿ ಗುರುತು ಹಾಕುತ್ತಿದ್ದರು.

"ಮುಖ್ಯವಾದದ್ದಷ್ಟೇ ಎತ್ತೋಣ" ಅಂದೆ.

"ಯಾವುದನ್ನ ಬಿಡೋದು ಮೇಡಂ? ಎಲ್ಲಾ ಯಾರದ್ದೋ ಮನೆಯವರದ್ದೇ ಅಲ್ವಾ?"

ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ನನ್ನ ತಮ್ಮ 34ಕ್ಕೇ ಹೋದ. ಹೃದಯದ ಗೋಡೆ ದಪ್ಪವಾಗಿತ್ತು ಅಂತ ಆಮೇಲೆ ಗೊತ್ತಾಯಿತು. ಅವನದ್ದು ಅಂತ ಒಂದು ಟ್ಯೂಬೂ ಇಲ್ಲ. ಲ್ಯಾಬಿನಲ್ಲಿ ಯಾರಿಗೂ ಹೇಳಿರಲಿಲ್ಲ, ಅವತ್ತು ಅಣ್ಣನಿಗೆ ಹೇಳಿದೆ. ಅವರು ಸಮಾಧಾನದ ಮಾತಾಡಲಿಲ್ಲ. ಫ್ಲಾಸ್ಕಿನಿಂದ ಟೀ ಬಗ್ಗಿಸಿ ಕೊಟ್ಟು ಮತ್ತೆ ಕೆಲಸಕ್ಕೆ ಕೂತರು. ಬೆಳಗಿನ ಜಾವ ಐದೂವರೆಗೆ ಕೊನೆಯ ಟ್ಯೂಬ್ ಇಟ್ಟೆವು.

2009ರಲ್ಲಿ ಹೃದಯದ ಸ್ನಾಯುವಿನ ಒಂದು ಪ್ರೋಟೀನ್‌ಗೆ ಕಾರಣವಾದ ಎಂವೈಬಿಪಿಸಿ3 ಜೀನ್‌ನ ವಿಷಯ ಪ್ರಕಟವಾಯಿತು. ಅದರಲ್ಲಿ ಡಿಎನ್‌ಎಯ 25 ಅಕ್ಷರ ಬಿಟ್ಟುಹೋಗಿರುವುದು ನಮ್ಮ ಉಪಖಂಡದ ನೂರರಲ್ಲಿ ಸುಮಾರು 4 ಜನರಲ್ಲಿದೆ ಅಂತ. ಅವರಲ್ಲಿ ಎಲ್ಲರಿಗೂ ಹೃದಯದ ಸ್ನಾಯುವಿನ ಕಾಯಿಲೆ ಬರುವುದಿಲ್ಲ. ಬಂದರೂ ಎಷ್ಟೋ ಸಲ ನಡುವಯಸ್ಸು ದಾಟಿದ ಮೇಲೆ. ಇದನ್ನು ಅಣ್ಣನಿಗೆ ಹೇಳಿದಾಗ ಅವರು ಕೇಳಿದ್ದು ಒಂದೇ: "ಹಾಗಾದ್ರೆ ನಮ್ಮ ಪೇಷಂಟುಗಳ ಮಕ್ಕಳನ್ನೂ ಕರೆಸಬೇಕಲ್ವಾ?" ಕರೆಸಿದ್ದೂ ಅವರೇ. ಫೋನ್ ಎತ್ತದವರ ಪಕ್ಕದ ಮನೆಗೂ ಮಾಡಿದರು. ನಾವು ಕುಟುಂಬದವರನ್ನೆಲ್ಲ ಕರೆದು ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡುವುದು ಹಾಗೆ ಶುರುವಾದದ್ದು.

ಅಣ್ಣ ರಿಟೈರ್ ಆಗಿ ಆರು ವರ್ಷವಾಯಿತು. ನಿನ್ನೆ ಬಂದಿದ್ದರು. ಹಾರ ಹಾಕಿ, ಕಿವಿಯ ಹತ್ತಿರ ಬಂದು ಕೇಳಿದರು: "ಮಂಡ್ಯದ ಆ ಹುಡುಗ ಈ ವರ್ಷ ಎಕೋಗೆ ಬಂದಿದ್ನಾ ಮೇಡಂ?"

ಬಂದಿದ್ದ ಅಣ್ಣ. ನಾರ್ಮಲ್ ಇದೆ.