ಕಾಲೇಜು ಫುಟ್‌ಬಾಲ್ ಕೋಚ್ ಇಡುವ ಲೆಕ್ಕ

ಮಾನ್ಯ ಸಂಪಾದಕರೇ,

ಅಮೆರಿಕದ ವಿಶ್ವವಿದ್ಯಾಲಯದಲ್ಲಿ ಫುಟ್‌ಬಾಲ್ ಆಡುತ್ತಾ ಓದಬೇಕು ಎಂದು ಆಸೆಪಡುವ ಹುಡುಗರು ನಮ್ಮಲ್ಲೂ ಇದ್ದಾರೆ. 'ಪೂರ್ತಿ ಸ್ಕಾಲರ್‌ಶಿಪ್ ಕೊಡಿಸುತ್ತೇವೆ' ಎಂದು ಅವರ ಅಪ್ಪ ಅಮ್ಮಂದಿರಿಗೆ ಹೇಳುವವರೂ ಇದ್ದಾರೆ. ಆದರೆ ಹುಡುಗನನ್ನು ತೆಗೆದುಕೊಳ್ಳಬೇಕೇ ಬೇಡವೇ ಎಂದು ತೀರ್ಮಾನಿಸುವುದು ಅಲ್ಲಿನ ಕಾಲೇಜು ತಂಡದ ಕೋಚ್. ಆತನ ಕೆಲಸ ಎಂಥದು, ಆತ ಯಾವ ಲೆಕ್ಕದ ಮೇಲೆ ಹೂಂ ಅಥವಾ ಊಹೂಂ ಎನ್ನುತ್ತಾನೆ ಎನ್ನುವುದು ತಿಳಿಯದೆ ದುಡ್ಡು ಕಳೆದುಕೊಳ್ಳುವುದು ಬೇಡ. ಅದಕ್ಕಾಗಿ ಈ ಪತ್ರ.

ಒಂದು ವೃತ್ತಿಜೀವನವನ್ನೇ ಹಿಡಿದು ನೋಡೋಣ. ಕೋಚ್ ಜೆರ್ರಿ ಯೇಗ್ಲಿ 1963ರಲ್ಲಿ ಇಂಡಿಯಾನಾ ವಿಶ್ವವಿದ್ಯಾಲಯಕ್ಕೆ ಬಂದಾಗ ಅಲ್ಲಿ ಇದ್ದದ್ದು ಬರೀ ಕ್ಲಬ್ ತಂಡ. ಅಮೆರಿಕದ ಕಾಲೇಜುಗಳಲ್ಲಿ ಕ್ಲಬ್ ತಂಡ ಎಂದರೆ ಹುಡುಗರು ತಾವೇ ಕೂಡಿಕೊಂಡು ಆಡುವ ತಂಡ. ಕ್ರೀಡಾ ವಿಭಾಗದ ಅನುದಾನವಿಲ್ಲ, ಸ್ಕಾಲರ್‌ಶಿಪ್ ಇಲ್ಲ, ರಾಷ್ಟ್ರೀಯ ಟೂರ್ನಿಗೆ ಪ್ರವೇಶವಿಲ್ಲ. ವಿಶ್ವವಿದ್ಯಾಲಯ ಆ ತಂಡವನ್ನು ತನ್ನ ಅಧಿಕೃತ ತಂಡವೆಂದು ಒಪ್ಪಿಕೊಂಡದ್ದು 1973ರಲ್ಲಿ, ಅವರು ಬಂದ ಹತ್ತು ವರ್ಷದ ಮೇಲೆ. ಅಲ್ಲಿಂದ 2003ರವರೆಗೆ 31 ಸೀಸನ್. 544 ಗೆಲುವು, 101 ಸೋಲು, 45 ಡ್ರಾ. ರಾಷ್ಟ್ರೀಯ ಟೂರ್ನಿಯ ಫೈನಲ್‌ಗೆ 12 ಸಲ ಹೋದರು. ಆರರಲ್ಲಿ ಗೆದ್ದರು, ಆರರಲ್ಲಿ ಸೋತರು.

ಸೋಲಿನ ಪಟ್ಟಿಯನ್ನು ಗಮನಿಸಬೇಕು. 1976, 1978, 1980, ಮೂರು ಸಲವೂ ಸ್ಯಾನ್ ಫ್ರಾನ್ಸಿಸ್ಕೋ ವಿಶ್ವವಿದ್ಯಾಲಯದ ಎದುರೇ ಫೈನಲ್ ಸೋಲು. ಮೊದಲ ಕಪ್ ಬಂದದ್ದು 1982ರಲ್ಲಿ, ಡ್ಯೂಕ್ ವಿಶ್ವವಿದ್ಯಾಲಯದ ವಿರುದ್ಧ 2–1ರಿಂದ. ಆ ಫೈನಲ್ ಎಂಟು ಹೆಚ್ಚುವರಿ ಅವಧಿಗಳವರೆಗೆ ಎಳೆದು, ಎರಡೂವರೆ ಗಂಟೆಗೂ ಮೀರಿ ನಡೆಯಿತು. ಎರಡು ಗೋಲನ್ನೂ ಹೊಡೆದವನು ಗ್ರೆಗ್ ಥಾಂಪ್ಸನ್. ಮರುವರ್ಷ ಮತ್ತೆ ಕಪ್. 1988ರಲ್ಲಿ ಮೂರನೆಯದು. ಆಮೇಲೆ ಹತ್ತು ವರ್ಷ ಏನೂ ಇಲ್ಲ. ನಂತರ 1998, 1999. ಕೊನೆಯದು 2003ರಲ್ಲಿ, ನಿವೃತ್ತಿಯ ಸೀಸನ್‌ನಲ್ಲೇ. ಎರಡು ವರ್ಷ ಫಲ ಸಿಗದಿದ್ದರೆ ಕೋಚನ್ನು ಬದಲಾಯಿಸುವ ಕಡೆ ಇಂಥ ಬದುಕು ಸಾಧ್ಯವೇ ಇರಲಿಲ್ಲ.

ಈ ಕೆಲಸ ವೃತ್ತಿಪರ ಕ್ಲಬ್ಬಿನ ಕೋಚ್ ಕೆಲಸಕ್ಕಿಂತ ಬೇರೆಯಾಗುವುದು ಒಂದೇ ಕಾರಣಕ್ಕೆ: ಇಲ್ಲಿ ಆಟಗಾರ ಉಳಿಯುವುದಿಲ್ಲ. ಪದವಿ ಮುಗಿಯಿತೆಂದರೆ ಹೊರಟ. 28 ಜನರ ತಂಡದಲ್ಲಿ ಪ್ರತಿ ವರ್ಷ ಆರೇಳು ಮಂದಿ ಹಾಗೆ ಹೋಗುತ್ತಾರೆ, ಹೆಚ್ಚಾಗಿ ಅತ್ಯುತ್ತಮರೇ. ಒಬ್ಬಿಬ್ಬರನ್ನು ಪದವಿಗೆ ಮುಂಚೆಯೇ ಅಲ್ಲಿನ ವೃತ್ತಿಪರ ಲೀಗ್ ಆದ ಮೇಜರ್ ಲೀಗ್ ಸಾಕರ್ ಸೆಳೆದುಕೊಳ್ಳುತ್ತದೆ (ನಮ್ಮ ಫುಟ್‌ಬಾಲ್‌ಗೆ ಅಲ್ಲಿ ಸಾಕರ್ ಎಂದು ಹೆಸರು). ಆದ್ದರಿಂದ ಒಳ್ಳೆಯ ಕೋಚ್ ಬಳಿ ಒಂದು ಪಟ್ಟಿ ಸದಾ ಇರುತ್ತದೆ. ಅಡ್ಡಸಾಲಿನಲ್ಲಿ ಆಡುವ ಜಾಗ, ಉದ್ದಸಾಲಿನಲ್ಲಿ ಪದವಿ ಮುಗಿಯುವ ವರ್ಷ, ಚೌಕಗಳಲ್ಲಿ ಹೆಸರು. ಒಂದೇ ವರ್ಷದ ಸಾಲಿನಲ್ಲಿ ಇಬ್ಬರು ಲೆಫ್ಟ್ ಬ್ಯಾಕ್ ಬಂದರೆ ತಪ್ಪಾಯಿತು ಎಂದೇ ಅರ್ಥ. ಇಬ್ಬರೂ ಒಟ್ಟಿಗೆ ಹೋಗುತ್ತಾರೆ, ಎಡಬದಿ ಒಮ್ಮೆಲೇ ಬರಿದಾಗುತ್ತದೆ. ಗೋಲ್‌ಕೀಪರ್ ವಿಷಯ ಇನ್ನೂ ನಾಜೂಕು. ತಂಡದಲ್ಲಿ ಮೂವರಿರುತ್ತಾರೆ, ಆಡುವುದು ಒಬ್ಬನೇ. ಇಬ್ಬರು ಒಂದೇ ತರಗತಿಯವರಾದರೆ ಎರಡನೆಯವನು ಎರಡನೇ ವರ್ಷದಲ್ಲಿ ಬೇರೆ ಕಾಲೇಜಿನ ದಾರಿ ನೋಡುತ್ತಾನೆ. ಇವತ್ತು ಮೊದಲ ವರ್ಷಕ್ಕೆ ಸೇರುವ ಹುಡುಗನನ್ನು ಎರಡು ವರ್ಷ ಮುಂಚೆಯೇ ನೋಡಿ ಗುರುತು ಹಾಕಿಕೊಂಡಿರಬೇಕು. ಇಂದಿನ ಸೋಲಿಗೆ ಮದ್ದು ಎರಡು ವರ್ಷ ಹಿಂದೆಯೇ ಅರೆದಿರಬೇಕು.

ಇನ್ನು ಸ್ಕಾಲರ್‌ಶಿಪ್. ಇಲ್ಲೇ ಹೆಚ್ಚು ಜನ ಮೋಸಹೋಗುವುದು. ರಾಷ್ಟ್ರೀಯ ಕಾಲೇಜು ಕ್ರೀಡಾ ಸಂಘದ, ಅಂದರೆ ಎನ್‌ಸಿಎಎಯ ಮೊದಲ ವಿಭಾಗದಲ್ಲಿ ಪುರುಷರ ಸಾಕರ್ ತಂಡಕ್ಕೆ ಬಹಳ ವರ್ಷ ಇದ್ದ ಮಿತಿ 9.9 ಸ್ಕಾಲರ್‌ಶಿಪ್. ಒಂದು ಎಂದರೆ ಒಬ್ಬನಿಗೆ ಕೊಡುವ ಪೂರ್ತಿ ಸ್ಕಾಲರ್‌ಶಿಪ್. ತಲೆಗೊಂದರಂತೆ ಅಲ್ಲ, ಇಡೀ ತಂಡಕ್ಕೆ ಸೇರಿ. ಮಹಿಳಾ ತಂಡಕ್ಕೆ 14 ಇತ್ತು. ಸ್ತ್ರೀ ಪುರುಷರಿಗೆ ಸಮಾನ ಅವಕಾಶ ಕೇಳುವ 1972ರ ಕಾನೂನು ಒಂದು ಕಡೆ, 85 ಸ್ಕಾಲರ್‌ಶಿಪ್ ತಿನ್ನುತ್ತಿದ್ದ ಅವರದೇ ಅಮೆರಿಕನ್ ಫುಟ್‌ಬಾಲ್ ಇನ್ನೊಂದು ಕಡೆ. ಎರಡರ ನಡುವೆ ಪುರುಷರ ಸಾಕರ್‌ಗೆ ಉಳಿದದ್ದು ಅಷ್ಟು.

ಅದನ್ನು ಹಂಚುವುದು ಹೀಗೆ. ಮೂವರಿಗೆ ಶೇ 60, ಅಂದರೆ 1.8. ಎಂಟು ಜನಕ್ಕೆ ಶೇ 45, ಅಂದರೆ 3.6. ಹತ್ತು ಜನಕ್ಕೆ ಶೇ 30, ಅಂದರೆ 3. ಐವರಿಗೆ ಶೇ 25, ಅಂದರೆ 1.25. ಒಟ್ಟು 9.65. ಉಳಿದ 0.25 ಅನ್ನು ಜನವರಿಯಲ್ಲಿ ಸೇರುವವನಿಗೆಂದು ಎತ್ತಿಡುತ್ತಾರೆ. ಕೊನೆಯ ಇಬ್ಬರು ಪೂರ್ತಿ ಶುಲ್ಕ ತಾವೇ ಕಟ್ಟಿ ಆಡುತ್ತಾರೆ. ಇದು ಉದಾಹರಣೆಯ ಹಂಚಿಕೆ, ಕೋಚಿನಿಂದ ಕೋಚಿಗೆ ಬದಲಾಗುತ್ತದೆ. ಆದರೆ ಒಬ್ಬನಿಗೆ ನೂರಕ್ಕೆ ನೂರು ಕೊಟ್ಟರೆ ಅದು ಇನ್ನು ಮೂವರ ಪಾಲಿನಿಂದ ಹೋಗುತ್ತದೆ ಎನ್ನುವುದು ಎಲ್ಲ ಕಡೆಯೂ ಒಂದೇ. ಎನ್‌ಸಿಎಎ ಮೇಲೆ ಆಟಗಾರರು ಹೂಡಿದ್ದ ಮೊಕದ್ದಮೆಯಲ್ಲಿ 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ ರಾಜಿಯ ಪ್ರಕಾರ, ಅದನ್ನು ಸ್ವೀಕರಿಸಿದ ವಿಶ್ವವಿದ್ಯಾಲಯಗಳಿಗೆ 9.9ರ ಮಿತಿ ಹೋಗಿ, ತಂಡದಲ್ಲಿ 28 ಜನ ಮಾತ್ರ ಎಂಬ ಮಿತಿ ಬಂದಿದೆ. ಮಿತಿ ಹೋಯಿತೆಂದ ಮಾತ್ರಕ್ಕೆ ದುಡ್ಡು ಬಂತು ಎಂದಲ್ಲ. ಮೂರನೇ ವಿಭಾಗದ ಕಾಲೇಜುಗಳಲ್ಲಂತೂ ಕ್ರೀಡೆಗೆಂದು ಸ್ಕಾಲರ್‌ಶಿಪ್ಪೇ ಇಲ್ಲ. ಅಂಕ ಮತ್ತು ಮನೆಯ ಆರ್ಥಿಕ ಸ್ಥಿತಿ ನೋಡಿ ಕೊಡುವ ನೆರವು ಬೇರೆ.

ಸೀಸನ್ ಚಿಕ್ಕದು. ಆಗಸ್ಟ್ ಮೊದಲಲ್ಲಿ ಹುಡುಗರು ಬರುತ್ತಾರೆ, ತಿಂಗಳ ಕೊನೆಗೆ ಮೊದಲ ಪಂದ್ಯ, ನವೆಂಬರ್‌ಗೆ ರಾಷ್ಟ್ರೀಯ ಟೂರ್ನಿ, ಡಿಸೆಂಬರ್‌ನಲ್ಲಿ ಫೈನಲ್. ಈ ಗಡಿಬಿಡಿಯಲ್ಲೇ ಎಡವಟ್ಟಾಗುವುದು. ಬೇಸಿಗೆಯಲ್ಲಿ ಸರಿಯಾಗಿ ಓಡದೆ ಬಂದ ಹೊಸ ಹುಡುಗನಿಗೆ ಮೊದಲ ವಾರವೇ ದಿನಕ್ಕೆ ಎರಡು ಹೊತ್ತು ಅಭ್ಯಾಸ ಕೊಟ್ಟರೆ ತೊಡೆಯ ಹಿಂಭಾಗದ ಸ್ನಾಯು ಹಿಡಿದುಕೊಳ್ಳುತ್ತದೆ, ಮೂರು ವಾರ ಬೆಂಚಿಗೆ. ಹದಿನೈದು ವಾರದ ಸೀಸನ್‌ನಲ್ಲಿ ಮೂರು ವಾರವೆಂದರೆ ಐದನೇ ಒಂದು ಭಾಗ. ಅದಕ್ಕೇ ಜಾಣ ಕೋಚ್‌ಗಳು ಮೇ ತಿಂಗಳಲ್ಲೇ ಓಟದ ವೇಳಾಪಟ್ಟಿ ಮನೆಗೆ ಕಳಿಸುತ್ತಾರೆ.

ಸೀಸನ್‌ನಲ್ಲಿ ವಾರಕ್ಕೆ 20 ಗಂಟೆ, ದಿನಕ್ಕೆ 4 ಗಂಟೆ ಮೀರುವಂತಿಲ್ಲ, ವಾರಕ್ಕೊಂದು ದಿನ ಪೂರ್ತಿ ಬಿಡುವು ಎನ್ನುವುದು ನಿಯಮ. ಪಂದ್ಯದ ದಿನ ಎಷ್ಟೇ ಹೊತ್ತಾದರೂ ಲೆಕ್ಕಕ್ಕೆ 3 ಗಂಟೆ. ವಾರಕ್ಕೆ ಎರಡು ಪಂದ್ಯವಿದ್ದರೆ 6 ಹೋಯಿತು, ಉಳಿದದ್ದು 14. ತೂಕ ಎತ್ತುವ ಅಭ್ಯಾಸ, ಕಡ್ಡಾಯವಾಗಿ ಕೂತು ವಿಡಿಯೊ ನೋಡುವುದು ಎಲ್ಲವೂ ಇದರೊಳಗೇ. ಶುಕ್ರವಾರ, ಮಂಗಳವಾರ ಪಂದ್ಯ ಎಂದುಕೊಳ್ಳಿ. ಶನಿವಾರ ಆಡಿದವರಿಗೆ ಹಗುರ ಓಟ, ಆಡದವರಿಗೆ ಚಿಕ್ಕ ಅಂಗಳದಲ್ಲಿ ಜೋರು ಆಟ. ಬುಧವಾರ ಬಿಡುವು. ಹೊಸದಾಗಿ ಏನನ್ನಾದರೂ ಕಲಿಸಲು ಸಿಗುವುದು ಭಾನುವಾರ ಒಂದೇ. ಆಡದವರನ್ನು ಶನಿವಾರ ಮರೆತ ಕೋಚ್‌ಗೆ ಅಕ್ಟೋಬರ್‌ನಲ್ಲಿ ಗಾಯಾಳುಗಳ ಬದಲಿಗೆ ಇಳಿಸಲು ದಮ್ಮಿರುವ ಹುಡುಗರೇ ಇರುವುದಿಲ್ಲ.

ಬದಲಿ ಆಟಗಾರರ ನಿಯಮವೂ ನಮಗೆ ಪರಿಚಯವಿರುವುದಲ್ಲ. ಮೊದಲಾರ್ಧದಲ್ಲಿ ಹೊರಬಂದವನು ಆ ಅರ್ಧದಲ್ಲಿ ಮತ್ತೆ ಇಳಿಯುವಂತಿಲ್ಲ. ಎರಡನೇ ಅರ್ಧದಲ್ಲಿ ಹೊರಬಂದವನು ಒಮ್ಮೆ ಮಾತ್ರ ಮತ್ತೆ ಇಳಿಯಬಹುದು. ಹಾಗಾಗಿ ಸ್ಟ್ರೈಕರ್‌ಗಳನ್ನು 25 ನಿಮಿಷ ಉಸಿರುಗಟ್ಟಿ ಓಡಿಸಿ, ಹೊರಗೆ ಕೂರಿಸಿ, ವಿರಾಮದ ನಂತರ ಮತ್ತೆ ಬಿಡುತ್ತಾರೆ. ಆಟ ವೇಗವಾಗಿರುತ್ತದೆ ನಿಜ. ಆದರೆ 90 ನಿಮಿಷ ದಮ್ಮು ಕಾಯ್ದುಕೊಂಡು ಆಡುವುದನ್ನು ಹುಡುಗ ಕಲಿಯುವುದಿಲ್ಲ, ವೃತ್ತಿಪರ ಲೀಗ್‌ಗೆ ಹೋದಾಗ ತಡಬಡಾಯಿಸುತ್ತಾನೆ. ಈ ನಿಯಮ ಬದಲಾಗಬೇಕು ಎನ್ನುವವರ ಪರ ನನ್ನ ಮತ.

ಕೋಚ್ ಆಗುವ ದಾರಿಯೂ ಸಲೀಸಲ್ಲ. ಸ್ನಾತಕೋತ್ತರ ಓದುತ್ತಾ ಸಹಾಯಕನಾಗಿ ಸೇರುವುದು, ಸಂಬಳವಿಲ್ಲದ ಸ್ವಯಂಸೇವಕ ಕೋಚ್ ಆಗಿ ವರ್ಷಗಟ್ಟಲೆ ದುಡಿಯುವುದು ರೂಢಿಯಾಗಿತ್ತು. ಆ ಸ್ವಯಂಸೇವಕ ಹುದ್ದೆಯನ್ನು 2023ರಲ್ಲಿ ರದ್ದು ಮಾಡಿದರು, ಮಾಡಿದ್ದು ಒಳ್ಳೆಯದೇ. 1978ರಲ್ಲಿ ವರ್ಜೀನಿಯಾ ವಿಶ್ವವಿದ್ಯಾಲಯ ಸೇರಿದ ಬ್ರೂಸ್ ಅರೀನಾ ಮೊದಮೊದಲು ಸಾಕರ್ ಜೊತೆಗೆ ಲಾಕ್ರೋಸ್ ಆಟದ ಸಹಾಯಕ ಕೋಚ್ ಕೂಡ ಆಗಿದ್ದರು. 1991ರಿಂದ 1994ರವರೆಗೆ ಸತತ ನಾಲ್ಕು ರಾಷ್ಟ್ರೀಯ ಕಪ್ ಗೆದ್ದು, ಆಮೇಲೆ ಅಮೆರಿಕ ತಂಡವನ್ನು 2002ರ ವಿಶ್ವಕಪ್ ಕ್ವಾರ್ಟರ್ ಫೈನಲ್‌ಗೆ ಕರೆದೊಯ್ದವರು ಅವರೇ. ಯೇಗ್ಲಿ ಮಾತ್ರ ಇಂಡಿಯಾನಾ ವಿಶ್ವವಿದ್ಯಾಲಯದ ಊರಾದ ಬ್ಲೂಮಿಂಗ್ಟನ್ ಬಿಟ್ಟು ಕದಲಲಿಲ್ಲ. ಅವರ ಕೈಕೆಳಗೆ ಆಡಿದ, ಸಹಾಯಕರಾಗಿಯೂ ದುಡಿದ ಕೇಲೆಬ್ ಪೋರ್ಟರ್ 2010ರಲ್ಲಿ ಆಕ್ರನ್ ವಿಶ್ವವಿದ್ಯಾಲಯಕ್ಕೆ ಕಪ್ ತಂದರು. ಮಗ ಟಾಡ್ ಯೇಗ್ಲಿ 2012ರಲ್ಲಿ ಇಂಡಿಯಾನಾಗೇ ತಂದುಕೊಟ್ಟರು.

ನಮ್ಮ ಹುಡುಗರಿಗೆ ಇದರಿಂದ ಆಗುವ ಉಪಯೋಗ ಇಷ್ಟು. ಕೋಚ್‌ಗೆ ಮಿಂಚಂಚೆ ಬರೆಯುವ ಮೊದಲು ಆ ತಂಡದ ಆಟಗಾರರ ಪಟ್ಟಿ ತೆಗೆದು, ನಿಮ್ಮ ಜಾಗದಲ್ಲಿ ಆಡುವವರು ಯಾವ ವರ್ಷ ಹೊರಡುತ್ತಾರೆ ಎಂದು ಎಣಿಸಿ. ನೀವು ಸೇರುವ ವರ್ಷ ಯಾರೂ ಹೊರಡದಿದ್ದರೆ ಆ ಕಾಲೇಜು ಬಿಡಿ. ಮಿಂಚಂಚೆಯ ಮೊದಲ ಸಾಲಿನಲ್ಲೇ ಪಿಯುಸಿ ಮುಗಿಯುವ ವರ್ಷ, ಆಡುವ ಜಾಗ, ಯಾವ ಕಾಲು, ಎತ್ತರ, ಅಂಕಗಳು ಇರಲಿ. ಮೂರು ನಾಲ್ಕು ನಿಮಿಷದ ವಿಡಿಯೊ ಜೊತೆ ಒಂದು ಪೂರ್ತಿ ಪಂದ್ಯದ ವಿಡಿಯೊ ಕೊಂಡಿಯೂ ಬೇಕು. ಚೆಂಡು ಕಾಲಲ್ಲಿ ಇಲ್ಲದಾಗ ಹುಡುಗ ಏನು ಮಾಡುತ್ತಾನೆ ಎಂದು ಕೋಚ್ ನೋಡುವುದು ಅದರಲ್ಲೇ. ಮೊದಲ ವಿಭಾಗದ ಕೋಚ್‌ಗಳು ಹತ್ತನೇ ತರಗತಿ ಮುಗಿದ ವರ್ಷದ ಜೂನ್ 15ಕ್ಕಿಂತ ಮುಂಚೆ ಉತ್ತರಿಸುವಂತಿಲ್ಲ. ಮೌನವನ್ನು ತಿರಸ್ಕಾರವೆಂದು ತಿಳಿಯಬೇಡಿ. ಒಂಬತ್ತರಿಂದ ಹನ್ನೆರಡನೇ ತರಗತಿವರೆಗಿನ 16 ಮುಖ್ಯ ವಿಷಯಗಳ ಅಂಕ ಅರ್ಹತೆಗೆ ಲೆಕ್ಕ. ಅದಕ್ಕೇ ಒಂಬತ್ತನೇ ತರಗತಿಯ ಅಂಕಪಟ್ಟಿಯನ್ನೂ ಜೋಪಾನ ಮಾಡಿ. ಇನ್ನೊಂದು ಬದಲಾವಣೆ: ಆಟಗಾರರು ಈಗ ಕಾಲೇಜಿನಿಂದ ಕಾಲೇಜಿಗೆ ಸುಲಭವಾಗಿ ವರ್ಗವಾಗಬಹುದು. ಹದಿನೆಂಟರ ಹುಡುಗನನ್ನು ತಿದ್ದುವ ಬದಲು ಇಪ್ಪತ್ತೊಂದರ ಪಳಗಿದವನನ್ನು ಕೋಚ್ ತರುತ್ತಾನೆ. ಹೊಸಬರಿಗೆ ಸಿಗುವ ಜಾಗ ಅಷ್ಟರಮಟ್ಟಿಗೆ ಕಡಿಮೆಯಾಗಿದೆ.

ಕೊನೆಯದಾಗಿ ನಮ್ಮ ವಿಶ್ವವಿದ್ಯಾಲಯಗಳಿಗೆ ಒಂದು ಕೋರಿಕೆ. ಇಲ್ಲಿ ದೈಹಿಕ ಶಿಕ್ಷಣ ನಿರ್ದೇಶಕರೊಬ್ಬರೇ ಕಬಡ್ಡಿ, ಖೋ ಖೋ, ಅಥ್ಲೆಟಿಕ್ಸ್, ಫುಟ್‌ಬಾಲ್ ಎಲ್ಲವನ್ನೂ ನೋಡಿಕೊಳ್ಳುತ್ತಾರೆ. ಅಂತರ ವಿಶ್ವವಿದ್ಯಾಲಯ ಟೂರ್ನಿಗೆ ಮುಂಚೆ ಕೆಲವು ದಿನಗಳ ಶಿಬಿರಕ್ಕೆಂದು ಕೋಚ್ ಒಬ್ಬರನ್ನು ಕರೆಸಿ, ಟೂರ್ನಿ ಮುಗಿದ ಮೇಲೆ ಬೀಳ್ಕೊಡುವುದೂ ಉಂಟು. 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಸಂತೋಷ್ ಟ್ರೋಫಿ ಗೆದ್ದ ರಾಜ್ಯ ನಮ್ಮದು, ಅದೂ 54 ವರ್ಷದ ಮೇಲೆ. ಪ್ರತಿಭೆಗೆ ಕೊರತೆಯಿಲ್ಲ. ಫುಟ್‌ಬಾಲ್‌ಗೆಂದೇ ಒಬ್ಬ ಕೋಚನ್ನು ಕನಿಷ್ಠ ಒಂದು ಪದವಿಯ ಅವಧಿಗೆ, ಮೂರು ವರ್ಷಕ್ಕೆ, ನೇಮಿಸಲಿ. ಕಾಲೇಜುಗಳಲ್ಲಿ ಕ್ರೀಡಾ ಕೋಟಾದ ಅರ್ಜಿಗಳನ್ನು ನೋಡುವ ದಿನ ಆ ಕೋಚ್ ಕೂಡ ಮೇಜಿನ ಎದುರು ಕೂತಿರಲಿ. ಈ ವರ್ಷ ಹೊರಟುಹೋದ ಲೆಫ್ಟ್ ಬ್ಯಾಕ್ ಯಾರು, ಮುಂದಿನ ವರ್ಷ ಹೊರಡುವ ಗೋಲ್‌ಕೀಪರ್ ಯಾರು ಎಂದು ಅವರಿಗೆ ಗೊತ್ತಿರುತ್ತದೆ.

ಇಂತಿ,
ದೈಹಿಕ ಶಿಕ್ಷಣ ಬೋಧಕ, ಬೆಂಗಳೂರು